ಗುಮ್ಮ ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹೋದ ಸಂಚಿಕೆಯಲ್ಲಿ ರಾತ್ರಿ ಬೆಚ್ಚಿಬೀಳುವ ಮಗುವಿನ ಬಗ್ಗೆ ಒಂದು ಪ್ರಶ್ನೆಗೆ ಉತ್ತರ ಬರೆದಿದ್ದೆ. ಅದರ ಬೆನ್ನಿಗೇ ಪತ್ರಗಳ ರಾಶಿ ಬಂತು. ಎಲ್ಲರದೂ ಹೆಚ್ಚುಕಮ್ಮಿ ಒಂದೇ ಚಿಂತೆ. ನಮ್ಮ ಮಗುವಿಗೆ ಯಾವುದು ನಿಜ, ಯಾವುದು ಕಲ್ಪನೆ ಅನ್ನೋದು ಗೊತ್ತಾಗ್ತಿಲ್ಲ, ಹೇಗೆ ತಿಳಿಸಿ ಹೇಳೋದು? ಹಾಗಾಗಿ ಈ ಸಲ ಇದೊಂದೇ ವಿಷಯ. ಶಿಶುವಿಹಾರದಲ್ಲಿ 31 ವರ್ಷ ಚಾಪೆ ಮೇಲೆ ಕೂತವಳು ನಾನು. ನನಗೆ ಕಂಡಿದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಮಕ್ಕಳಿಗೆ ಗೊತ್ತಿರುವುದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಗೊಂದಲ ಎಬ್ಬಿಸುವವರು ಸುಮಾರು ಸಲ ನಾವೇ.

*

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ ತುಂಬಿದೆ. ಎರಡು ತಿಂಗಳಿಂದ ಅವಳಿಗೆ ಚಿನ್ನಿ ಅಂತ ಒಬ್ಬ ಗೆಳತಿ. ನಮ್ಮ ಯಾರ ಕಣ್ಣಿಗೂ ಕಾಣುವುದಿಲ್ಲ. ಊಟಕ್ಕೆ ಕೂತರೆ ಚಿನ್ನಿಗೂ ತಟ್ಟೆ ಇಡಬೇಕು, ಸ್ಕೂಟರ್ ಹತ್ತಿದರೆ ಚಿನ್ನಿಗೂ ಜಾಗ ಬಿಡಬೇಕು. ಏನಾದರೂ ಚೆಲ್ಲಿದರೆ ಚಿನ್ನಿಯೇ ಚೆಲ್ಲಿದ್ದು. ನಮ್ಮ ಅತ್ತೆಯವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ದಾರೆ. ಇದು ಮನಸ್ಸಿನ ಕಾಯಿಲೆಯ ಶುರುವಾ? ಚಿನ್ನಿ ಇಲ್ಲ ಅಂತ ಹೇಗೆ ಹೇಳಲಿ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಹೇಳಲೇಬೇಡಿ ತಾಯಿ. ಅವಳಿಗೆ ಗೊತ್ತು.

ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಮಾರ್ಜೊರಿ ಟೇಲರ್ ಎಂಬ ಮನಶ್ಶಾಸ್ತ್ರಜ್ಞೆ ಇಂಥ ಕಾಣದ ಗೆಳೆಯರ ಬಗ್ಗೆಯೇ ವರ್ಷಗಟ್ಟಲೆ ಕೆಲಸ ಮಾಡಿದರು. ಅವರೂ ಅವರ ಜೊತೆಯವರೂ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ವರ್ಷದೊಳಗೆ ಯಾವಾಗಲಾದರೂ ಒಮ್ಮೆ ಇಂಥ ಗೆಳೆಯರಿದ್ದ ಮಕ್ಕಳು 65 ಪರ್ಸೆಂಟ್. ಅಂದರೆ ಇಲ್ಲದವರೇ ಕಮ್ಮಿ. ಇನ್ನೂ ಮಜಾ ಏನೆಂದರೆ, ಗೆಳೆಯನ ಬಣ್ಣ ಏನು, ಎಲ್ಲಿ ಮಲಗುತ್ತಾನೆ ಅಂತ ಅವರು ಗಂಭೀರವಾಗಿ ಕೇಳುತ್ತಾ ಹೋದಾಗ, ಎಷ್ಟೋ ಮಕ್ಕಳು ನಡುವೆಯೇ ನಿಲ್ಲಿಸಿ, ಇದು ಸುಮ್ನೆ ಆಟಕ್ಕೆ ಅಂತ ತಾವೇ ತಿಳಿಸಿ ಹೇಳುತ್ತಿದ್ದವಂತೆ. ಪಾಪ, ಈ ದೊಡ್ಡವರು ನಿಜ ಅಂತ ನಂಬಿಬಿಟ್ಟಿದ್ದಾರೇನೋ ಅಂತ.

ನನಗೂ ಇದೇ ಆಗಿದೆ. ನಮ್ಮ ಶಿಶುವಿಹಾರದಲ್ಲಿ ಒಬ್ಬ ಹುಡುಗ ಇದ್ದ, ಅವನ ಜೊತೆ ಯಾವಾಗಲೂ ಒಬ್ಬ ಲಾರಿ ಡ್ರೈವರ್. ಡ್ರೈವರ್ ಮಾಮ ಅಂತಲೇ ಹೆಸರು. ಒಂದು ದಿನ ಹುಡುಗ ಉಪ್ಪಿಟ್ಟು ತಿನ್ನಲಿಲ್ಲ ಅಂತ ನಾನು ಬುದ್ಧಿವಂತಿಕೆ ಮಾಡಲು ಹೋದೆ. ಬಾಗಿಲ ಕಡೆ ತಿರುಗಿ, "ನೋಡಿ ಡ್ರೈವರ್ ಮಾಮ, ಇವನು ತಿಂತಾ ಇಲ್ಲ" ಎಂದೆ. ಹುಡುಗ ಚಮಚ ಕೆಳಗಿಟ್ಟ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನನ್ನ ಕೈ ಮೇಲೆ ಕೈ ಇಟ್ಟು, ಮೆಲ್ಲಗೆ, "ಟೀಚರ್, ಅಲ್ಲಿ ಯಾರೂ ಇಲ್ಲ" ಎಂದ. ಅವನ ಕಣ್ಣಲ್ಲಿದ್ದ ಕನಿಕರ ನನಗೆ ಇವತ್ತಿಗೂ ಮರೆತಿಲ್ಲ.

ಹಾಗಾಗಿ ಆಟ ಅವಳದ್ದಾಗಿಯೇ ಇರಲಿ. ತಟ್ಟೆ ಕೇಳಿದರೆ ಖಾಲಿ ತಟ್ಟೆ ಇಡಿ, ಅದಕ್ಕೆ ಅನ್ನ ಬಡಿಸಬೇಡಿ. ಚಿನ್ನಿಗೆ ಬೇಕಿರುವುದು ಆಟದ ಅನ್ನ, ಅದನ್ನು ನಿಮ್ಮ ಮಗಳೇ ಬಡಿಸುತ್ತಾಳೆ. ಚಿನ್ನಿ ಚೆಲ್ಲಿದಳು ಅಂದರೆ "ಸುಳ್ಳು ಹೇಳ್ತೀಯಾ" ಅಂತ ಎಗರಬೇಡಿ, "ಸರಿ, ಇಬ್ಬರೂ ಸೇರಿ ಒರೆಸಿ" ಅಂತ ಬಟ್ಟೆ ಕೊಡಿ, ಒರೆಸುವ ಕೈ ಎರಡೇ ಅನ್ನೋದು ಅವಳಿಗೂ ಗೊತ್ತು, ನಿಮಗೂ ಗೊತ್ತು. ನಿಮಗೆ ಧೈರ್ಯಕ್ಕೆ ಬೇಕಿದ್ದರೆ ಒಂದೇ ಒಂದು ಸಲ, ನಗುನಗುತ್ತಾ, "ಚಿನ್ನಿ ಆಟಕ್ಕಾ, ನಿಜಕ್ಕಾ?" ಅಂತ ಕೇಳಿ. ದಿನಾ ಕೇಳಬೇಡಿ, ಅದು ಪರೀಕ್ಷೆ ಆಗಿಬಿಡುತ್ತದೆ.

ತಾಯತದ ವಿಷಯಕ್ಕೆ ಅತ್ತೆಯ ಜೊತೆ ಜಗಳ ಬೇಡ. ಆದರೆ ಮಗುವಿನ ಎದುರಿಗೆ ಗಾಳಿ, ಸೋಕು ಅನ್ನುವ ಮಾತು ಬೇಡ ಅಂತ ಗಟ್ಟಿಯಾಗಿಯೇ ಹೇಳಿ. ಆಟಕ್ಕೆ ಇದ್ದ ಚಿನ್ನಿಯನ್ನು ನಿಜ ಮಾಡುವುದು ಆ ಮಾತೇ. ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು ಅಂತೀರಾ? ಚಿನ್ನಿಯನ್ನು ಕಂಡರೆ ಅವಳಿಗೇ ಹೆದರಿಕೆಯಾಗುತ್ತಿದ್ದರೆ, ಚಿನ್ನಿ ನನಗೆ ಹೊಡ್ಕೋ ಅಂತಾಳೆ ಎಂದರೆ, ಬೇರೆ ಮಕ್ಕಳ ಜೊತೆ ಆಟವನ್ನೇ ಬಿಟ್ಟರೆ, ನಿದ್ದೆ ಊಟ ಕೆಟ್ಟರೆ. ಆಗ ನಿಮ್ಮ ಮಕ್ಕಳ ಡಾಕ್ಟರಿಗೆ ಮೊದಲು ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. ಅಷ್ಟು ದೂರ ಹೋಗುವ ಮೊದಲು ಮಾತಾಡಬೇಕು ಅನ್ನಿಸಿದರೆ ಮನಸ್ಸಿನ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 14416, ಉಚಿತ. ನಿಮ್ಮ ಪತ್ರ ನೋಡಿದರೆ ಇದ್ಯಾವುದೂ ಬೇಕಾಗುವ ಹಾಗೆ ಕಾಣುವುದಿಲ್ಲ.

*

ಪ್ರಶ್ನೆ: ಮೊಮ್ಮಗನಿಗೆ ಮೂರೂವರೆ. ಊಟ ಮಾಡದಿದ್ದರೆ ಗುಮ್ಮ ಬರ್ತಾನೆ ಅಂತ ನಾನೇ ಹೆದರಿಸುತ್ತಿದ್ದೆ, ನಮ್ಮ ಕಾಲದಿಂದ ಬಂದ ಅಭ್ಯಾಸ. ಈಗ ಸಂಜೆಯಾದರೆ ಬಚ್ಚಲಮನೆಗೆ ಒಬ್ಬನೇ ಹೋಗುವುದಿಲ್ಲ. ಗುಮ್ಮ ಗಿಮ್ಮ ಏನೂ ಇಲ್ಲ ಮಗಾ ಅಂದರೂ ನಂಬುವುದಿಲ್ಲ. ಸೊಸೆ ನನ್ನ ಮೇಲೆ ಸಿಟ್ಟಾಗಿದ್ದಾಳೆ.
— ಒಬ್ಬ ಅಜ್ಜ, ಸಾಗರ

ಉತ್ತರ: ಹಿರಿಯರೇ, ಸೊಸೆಯ ಸಿಟ್ಟು ನ್ಯಾಯವಾದದ್ದೇ. ಆದರೆ ನೀವೊಬ್ಬರೇ ಅಲ್ಲ. ಐನೂರು ವರ್ಷದ ಹಿಂದೆ ಪುರಂದರದಾಸರ ಪದದಲ್ಲಿ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡ ಅಂತ ಅಮ್ಮನ ಹತ್ತಿರ ಗೋಗರೆಯುತ್ತಾನೆ. ಮೂರು ಲೋಕ ಹೊತ್ತವನಿಗೇ ಈ ಗತಿ, ನಿಮ್ಮ ಮೊಮ್ಮಗ ಯಾವ ಲೆಕ್ಕ.

"ಇಲ್ಲ ಅಂದರೂ ನಂಬುವುದಿಲ್ಲ" ಅಂತ ಬರೆದಿದ್ದೀರಿ. ಇಲ್ಲಿ ಸ್ವಲ್ಪ ನಿಲ್ಲೋಣ. 1986ರಲ್ಲಿ ವೆಲ್‌ಮನ್ ಮತ್ತು ಎಸ್ಟೆಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಮೂರು ವರ್ಷದ ಮಕ್ಕಳಿಗೆ ಒಂದು ಸುಲಭದ ಪ್ರಶ್ನೆ ಹಾಕಿದರು. ಒಬ್ಬ ಹುಡುಗನ ಹತ್ತಿರ ಬಿಸ್ಕತ್ತು ಇದೆ, ಇನ್ನೊಬ್ಬ ಬಿಸ್ಕತ್ತನ್ನು ನೆನೆಸಿಕೊಳ್ಳುತ್ತಿದ್ದಾನೆ, ಮುಟ್ಟಲು ಆಗುವುದು ಯಾರ ಬಿಸ್ಕತ್ತು? ಹೆಚ್ಚಿನ ಮಕ್ಕಳು ಸರಿಯಾಗಿಯೇ ಹೇಳಿದವು. ಅಂದರೆ ನಿಮ್ಮ ಮೊಮ್ಮಗನ ವಯಸ್ಸಿಗೆ ಮನಸ್ಸಿನ ಬಿಸ್ಕತ್ತು ಬೇರೆ, ಕೈಯಲ್ಲಿರುವ ಬಿಸ್ಕತ್ತು ಬೇರೆ ಅನ್ನೋದು ತಿಳಿದಿರುತ್ತದೆ. ಹಾಗಾದರೆ ಗುಮ್ಮನ ವಿಷಯದಲ್ಲಿ ಯಾಕೆ ಎಡವುತ್ತಾನೆ?

ಇದಕ್ಕೆ ಉತ್ತರ 1991ರ ಇನ್ನೊಂದು ಪ್ರಯೋಗದಲ್ಲಿದೆ. ಪಾಲ್ ಹ್ಯಾರಿಸ್ ಮತ್ತು ಅವರ ಜೊತೆಯವರು ಮಕ್ಕಳಿಗೆ ಖಾಲಿ ಪೆಟ್ಟಿಗೆ ತೋರಿಸಿದರು. ಖಾಲಿ ಅಂತ ಮಕ್ಕಳೇ ನೋಡಿ ಒಪ್ಪಿದವು. ಇದರೊಳಗೆ ಒಂದು ಭೂತ ಇದೆ ಅಂತ ಸುಮ್ನೆ ಅಂದುಕೊಳ್ಳಿ ಎಂದರು. ಅಂದುಕೊಂಡವು. ಇದೆಯಾ ಅಂತ ಕೇಳಿದರೆ ಇಲ್ಲ ಎಂದವು. ಆಮೇಲೆ ಪ್ರಯೋಗ ಮಾಡುವವರು ಒಂದು ನಿಮಿಷ ಬಂದೆ ಅಂತ ಹೊರಗೆ ಹೊರಟರೆ, ಕೆಲವು ಚಿಕ್ಕ ಮಕ್ಕಳು ಒಬ್ಬರನ್ನೇ ಬಿಟ್ಟು ಹೋಗಬೇಡಿ ಎಂದವು! ಇಲ್ಲ ಅನ್ನೋದು ತಲೆಗೆ ಗೊತ್ತು, ಎದೆಗೆ ಗೊತ್ತಿಲ್ಲ. ನಾವೇನು ಕಮ್ಮಿಯಾ? 1990ರ ದಶಕದಲ್ಲಿ ನಮ್ಮ ರಾಜ್ಯದ ಎಷ್ಟು ಮನೆಗಳ ಬಾಗಿಲ ಮೇಲೆ, ರಾತ್ರಿ ಬರುವ ದೆವ್ವ ಓದಲಿ ಅಂತ, ಸೀಮೆಸುಣ್ಣದಲ್ಲಿ "ನಾಳೆ ಬಾ" ಅಂತ ಬರೆದಿತ್ತು, ನೆನಪಿದೆಯಲ್ಲ? ಬರೆದವರಲ್ಲಿ ಮೇಷ್ಟ್ರುಗಳೂ ಇದ್ದರು, ಬ್ಯಾಂಕಿನವರೂ ಇದ್ದರು. ಕೇಳಿದರೆ ಎಲ್ಲರೂ ಹೇಳುತ್ತಿದ್ದದ್ದು ಒಂದೇ, ನಾವೇನು ನಂಬಲ್ಲಪ್ಪ, ಸುಮ್ನೆ ಇರಲಿ ಅಂತ ಬರೆದಿದ್ದೀವಿ. ಬಚ್ಚಲಮನೆ ಬಾಗಿಲಲ್ಲಿ ನಿಂತ ನಿಮ್ಮ ಮೊಮ್ಮಗನದೂ ಅದೇ ಸ್ಥಿತಿ.

ಹಾಗಾಗಿ "ಇಲ್ಲ, ಇಲ್ಲ" ಅಂತ ಹತ್ತು ಸಲ ಹೇಳುವುದರಿಂದ ಪ್ರಯೋಜನ ಕಮ್ಮಿ. ಮೊದಲು ತಪ್ಪೊಪ್ಪಿಕೊಳ್ಳಿ. ಮಡಿಲಲ್ಲಿ ಕೂರಿಸಿಕೊಂಡು, "ಗುಮ್ಮನ್ನ ಮಾಡಿದ್ದು ನಾನೇ ಕಣೋ. ನೀನು ಊಟ ಮಾಡ್ಲಿ ಅಂತ ಸುಳ್ಳು ಹೇಳಿದ್ದೆ. ತಪ್ಪಾಯ್ತು" ಅನ್ನಿ. ಅಜ್ಜನ ಬಾಯಿಂದ ತಪ್ಪಾಯ್ತು ಅನ್ನುವ ಮಾತು ಮಕ್ಕಳಿಗೆ ಬಹಳ ದೊಡ್ಡದು. ಪೊರಕೆ ಹಿಡಿದು ಗುಮ್ಮನನ್ನು ಓಡಿಸುವ ನಾಟಕ ಮಾತ್ರ ಮಾಡಬೇಡಿ. ಮನೆಯ ಯಜಮಾನರೇ ಪೊರಕೆ ಹಿಡಿದರೆಂದರೆ ಗುಮ್ಮ ಇದ್ದಾನೆ ಅಂತ ಸಾಬೀತಾದ ಹಾಗೆ, ಅಲ್ವಾ?

ಆಮೇಲೆ ಹಗಲಲ್ಲಿ ಅವನ ಜೊತೆ ಬಚ್ಚಲಮನೆಗೆ ಹೋಗಿ ಸುಮ್ಮನೆ ನಿಂತುಕೊಳ್ಳಿ. ಅವನ ಕಣ್ಣು ಯಾವ ಮೂಲೆಗೆ ಹೋಗುತ್ತದೆ ನೋಡಿ. ನಿಮ್ಮ ಕಡೆ ಹಳೇ ಮನೆಗಳಲ್ಲಿ ಹಂಡೆ, ಹಂಡೆಯ ಹಿಂದೆ ಕಟ್ಟಿಗೆ, ಮೇಲೆ ಮಸಿ ಹಿಡಿದ ಗೋಡೆ, ಸಣ್ಣ ಬಲ್ಬು. ಸ್ವಿಚ್ಚು ಅವನ ಕೈಗೆ ಎಟುಕುತ್ತದಾ? ಎಷ್ಟೋ ಸಲ ಗುಮ್ಮ ಅಂದರೆ ಹಲ್ಲಿ. ಅಥವಾ ಒಲೆಯೊಳಗೆ ಕಟ್ಟಿಗೆ ಚಟಪಟ ಅನ್ನುವ ಸದ್ದು. ಮಗುವಿಗೆ ಹೆಸರು ಗೊತ್ತಿಲ್ಲದ ಹೆದರಿಕೆಗೆ ನೀವು ಕೊಟ್ಟ ಹೆಸರು ಸಿಕ್ಕಿತು, ಅಂಟಿಸಿಕೊಂಡ. ಬಲ್ಬು ದೊಡ್ಡದು ಹಾಕಿಸಿ, ಒಂದು ಸ್ಟೂಲ್ ಇಡಿ. ಸ್ವಿಚ್ಚು ಅವನೇ ಹಾಕಲಿ, ಅವನೇ ಆರಿಸಲಿ, ಹತ್ತು ಸಲ ಮಾಡಲಿ. ಕರೆಂಟ್ ಬಿಲ್ಲಿನ ಬಗ್ಗೆ ಆಮೇಲೆ ಯೋಚನೆ ಮಾಡೋಣ.

ಇನ್ನೊಂದು ಉಪಾಯ. ಗುಮ್ಮನನ್ನು ಅವನ ಆಟದೊಳಕ್ಕೆ ಸೇರಿಸಿ. ಸ್ಲೇಟಿನ ಮೇಲೆ ಗುಮ್ಮನ ಚಿತ್ರ ಬರೆಸಿ. ಮೂಗಿಗೆ ಬದನೆಕಾಯಿ, ತಲೆಗೆ ನಿಮ್ಮ ಮಂಗನ ಟೋಪಿ. ಕಣ್ಣಾಮುಚ್ಚಾಲೆ ಆಡುವಾಗ ಚಿಕ್ಕವರನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸಿಕೊಳ್ಳುತ್ತಿದ್ದೆವಲ್ಲ, ಮಕ್ಕಳಿಗೆ ಆ ಮಾತು ಬೇಗ ಹಿಡಿಯುತ್ತದೆ. ಚಿಕ್ಕದು ಓಡುತ್ತದೆ, ಕೂಗುತ್ತದೆ, ಆದರೆ ಅದು ಮುಟ್ಟಿದರೆ ಔಟಲ್ಲ. ಗುಮ್ಮನೂ ಹಾಗೇ ಅನ್ನಿ. ಒರೆಸುವ ಬಟ್ಟೆ ಅವನ ಕೈಯಲ್ಲೇ ಇರಲಿ.

ಅಂದಹಾಗೆ, ನಿಮ್ಮ ಕಡೆ ಯಕ್ಷಗಾನ ಆಗುತ್ತಿರುತ್ತದೆ, ಚೌಕಿಗೆ ಕರೆದುಕೊಂಡು ಹೋಗಿ ರಾಕ್ಷಸ ವೇಷದವರು ಬಣ್ಣ ಹಚ್ಚುವುದನ್ನು ತೋರಿಸಿ ಅಂತ ಯಾರಾದರೂ ಹೇಳಬಹುದು. ಒಳ್ಳೆಯ ಸಲಹೆಯೇ, ಆದರೆ ಈಗಲೇ ಬೇಡ. 1969ರಲ್ಲಿ ರೀಟಾ ಡೆವ್ರೀಸ್ ಎಂಬವರು ಮೇನಾರ್ಡ್ ಅನ್ನುವ ಸಾಧು ಬೆಕ್ಕಿಗೆ ಮಕ್ಕಳ ಎದುರಿಗೇ ನಾಯಿಯ ಮುಖವಾಡ ಹಾಕಿದರು. ಬೆಕ್ಕಿನ ಹಿಂಭಾಗ ಪೂರ್ತಿ ಹೊತ್ತು ಕಾಣುತ್ತಲೇ ಇತ್ತು. ಆದರೂ ಮೂರು ವರ್ಷದ ಮಕ್ಕಳಲ್ಲಿ ಬಹಳಷ್ಟು ಅದು ನಾಯಿಯೇ ಆಗಿಹೋಯಿತು ಅಂದುಕೊಂಡವು. ಐದಾರು ವರ್ಷದವು ನಕ್ಕುಬಿಟ್ಟವು. ನವರಾತ್ರಿಯಲ್ಲಿ ಹುಲಿವೇಷ ಬಂದಾಗ ಮಂಗಳೂರು, ಉಡುಪಿ ಕಡೆಯ ಯಾವ ಅಂಗಳದಲ್ಲಾದರೂ ಇದನ್ನೇ ನೋಡಬಹುದು, ಚಿಕ್ಕದು ಅಮ್ಮನ ಸೆರಗಿನೊಳಗೆ, ದೊಡ್ಡದು ಹುಲಿಯ ಬಾಲ ಎಳೆಯಲು ಮುಂದೆ. ಹಾಗಾಗಿ ಐದು ತುಂಬಲಿ, ಆಗ ಚೌಕಿಗೆ ಕರೆದುಕೊಂಡು ಹೋಗಿ. ಮುಖಕ್ಕೆ ಬಣ್ಣ ತಾಗುವ ಮೊದಲೇ ಹೋಗಬೇಕು. ಮಾವ ಪಂಚೆ ಉಟ್ಟು, ಚಹಾ ಕುಡಿದು, ಕನ್ನಡಿ ಮುಂದೆ ಕೂತದ್ದರಿಂದ ಶುರುಮಾಡಿ ಕಿರೀಟ ಕಟ್ಟುವವರೆಗೂ ನೋಡಲಿ.

*

ಪ್ರಶ್ನೆ: ಯುಕೆಜಿಗೆ ಹೋಗುವ ಮಗ ಸ್ಕೂಲಿನಲ್ಲಿ "ನಮ್ಮನೇಲಿ ಆನೆ ಇದೆ" ಎಂದಿದ್ದಾನೆ. ಟೀಚರ್ ನಮ್ಮನ್ನು ಕರೆಸಿ, ಮಗು ಸುಳ್ಳು ಹೇಳುತ್ತದೆ ಎಂದರು. ನಮ್ಮದು ಮೂರನೇ ಮಹಡಿಯ ಎರಡು ರೂಮಿನ ಮನೆ.
— ಒಬ್ಬ ತಂದೆ, ಬೆಂಗಳೂರು

ಉತ್ತರ: ಮೂರನೇ ಮಹಡಿ ಅಂತ ಬರೆದದ್ದು ಒಳ್ಳೆಯದಾಯಿತು, ನಗು ಬಂತು.

ಸುಳ್ಳು ಅಂದರೆ ತಪ್ಪಿಸಿಕೊಳ್ಳಲು ಹೇಳುವುದು. ಲೋಟ ಒಡೆದು ನಾನಲ್ಲ ಅಂದರೆ ಅದು ಸುಳ್ಳು. ಆನೆ ಇದೆ ಅನ್ನುವುದು ಆಸೆ. ಪಕ್ಕದ ಹುಡುಗ ನಮ್ಮನೇಲಿ ನಾಯಿ ಇದೆ ಎಂದಿರುತ್ತಾನೆ, ಇವನು ಒಂದು ಕೈ ಮೇಲೆ ಹೋದ, ಅಷ್ಟೆ. "ಯಾಕೆ ಸುಳ್ಳು ಹೇಳಿದೆ" ಅಂತ ಕೇಳಬೇಡಿ, ಅದಕ್ಕೆ ಅವನ ಹತ್ತಿರ ಉತ್ತರವಿಲ್ಲ. ಅವನ ವಾಕ್ಯಕ್ಕೆ ಒಂದು "ಇದ್ದಿದ್ರೆ" ಸೇರಿಸಿ ಕೊಡಿ. "ಆನೆ ಇದ್ದಿದ್ರೆ ಎಲ್ಲಿ ಮಲಗಿಸ್ತಿದ್ವಿ? ಮೆಟ್ಟಿಲು ಹೇಗೆ ಹತ್ತಿಸ್ತಿದ್ವಿ? ದಿನಕ್ಕೆ ನೂರು ಕೆಜಿಗಿಂತ ಜಾಸ್ತಿ ತಿನ್ನುತ್ತೆ, ಸೊಪ್ಪು ಯಾರು ತರೋದು?" ಎರಡು ದಿನ ಆಡಿ. ಮೂರನೇ ದಿನ ಅವನೇ "ಇದ್ದಿದ್ರೆ" ಅಂತ ಶುರುಮಾಡುತ್ತಾನೆ. ರಜೆಯಲ್ಲಿ ಸಕ್ರೆಬೈಲಿಗೋ ದುಬಾರೆಗೋ ಹೋಗಿ ನಿಜವಾದ ಆನೆಯ ವಾಸನೆ ತೋರಿಸಿ ಬನ್ನಿ. ಟೀಚರಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ, ಅವರಿಗೂ 40 ಮಕ್ಕಳ ತಲೆನೋವು ಇರುತ್ತದೆ.

*

ಪ್ರಶ್ನೆ: ಐದು ವರ್ಷದ ಮಗ ಫೋನಿನಲ್ಲಿ ವಿಡಿಯೋ ನೋಡಿ ಇದು ನಿಜಾನಾ ಅಂತ ಕೇಳುತ್ತಾನೆ. ಹುಲಿಯೊಂದು ಅಜ್ಜಿಯ ಪಕ್ಕ ಕೂತು ಚಹಾ ಕುಡಿಯುವುದು, ಇಂಥವು. ನನಗೇ ಗೊತ್ತಾಗುವುದಿಲ್ಲ.
— ಒಬ್ಬ ತಾಯಿ, ಮೈಸೂರು

ಉತ್ತರ: ಅವನು ಕೇಳುತ್ತಿದ್ದಾನಲ್ಲ, ಅರ್ಧ ಕೆಲಸ ಆದ ಹಾಗೆ. ಕೇಳದೆ ನಂಬುವವರು ನಮ್ಮ ಫ್ಯಾಮಿಲಿ ವಾಟ್ಸಾಪ್ ಗುಂಪಿನಲ್ಲೇ ಎಷ್ಟು ಜನ ಇದ್ದಾರೆ.

1990ರಲ್ಲಿ ಫ್ಲೇವೆಲ್ ಎಂಬವರ ತಂಡ ಚಿಕ್ಕ ಮಕ್ಕಳಿಗೆ ಟಿವಿಯಲ್ಲಿ ಒಂದು ಬಟ್ಟಲು ಪಾಪ್‌ಕಾರ್ನ್ ತೋರಿಸಿ, ಟಿವಿಯನ್ನು ತಲೆಕೆಳಗೆ ಮಾಡಿದರೆ ಪಾಪ್‌ಕಾರ್ನ್ ಚೆಲ್ಲುತ್ತದಾ ಅಂತ ಕೇಳಿತು. ಮೂರು ವರ್ಷದವರಲ್ಲಿ ಬಹಳ ಮಕ್ಕಳು ಚೆಲ್ಲುತ್ತದೆ ಎಂದವು. ನಾಲ್ಕಾದವರಿಗೆ ಇದು ಸುಲಭ. ಆದರೆ ನಿಮ್ಮ ಮಗನ ಪ್ರಶ್ನೆ ಅದಲ್ಲ. ಚೆಲ್ಲುವುದಿಲ್ಲ ಅಂತ ಅವನಿಗೆ ಗೊತ್ತು. ಹೀಗೆ ಎಲ್ಲಾದರೂ ನಡೆದಿತ್ತಾ ಅಂತ ಕೇಳುತ್ತಿದ್ದಾನೆ. ಕಂಪ್ಯೂಟರ್ ತಾನೇ ವಿಡಿಯೋ ಮಾಡುವ ಈ ಕಾಲದಲ್ಲಿ ಅದು ಐದು ವರ್ಷದವರ ಪ್ರಶ್ನೆ ಮಾತ್ರ ಅಲ್ಲ. "ನಂಗೂ ಗೊತ್ತಿಲ್ಲ ಕಂದಾ, ಹುಲಿ ಚಹಾ ಕುಡಿಯುತ್ತಾ, ಯೋಚನೆ ಮಾಡು" ಅನ್ನಿ, ಮರ್ಯಾದೆ ಏನೂ ಹೋಗುವುದಿಲ್ಲ.

ಭಾಷಣಕ್ಕಿಂತ ಒಂದು ವಿಡಿಯೋ ನೀವೇ ಮಾಡಿ. ಮೇಜಿನ ಮೇಲೆ ಬಾಳೆಹಣ್ಣು ಇಡಿ, ಫೋನನ್ನು ಅಲುಗದ ಹಾಗೆ ಡಬ್ಬಕ್ಕೆ ಒರಗಿಸಿ. ಮಗ "ಛೂ" ಅನ್ನಲಿ. ರೆಕಾರ್ಡಿಂಗ್ ನಡುವೆ ನಿಲ್ಲಿಸಿ, ಹಣ್ಣು ತೆಗೆಯಿರಿ, ಅವನು ಅದೇ ಭಂಗಿಯಲ್ಲಿ ನಿಂತಿರಲಿ, ಮತ್ತೆ ಶುರುಮಾಡಿ. ವಿಡಿಯೋದಲ್ಲಿ ಹಣ್ಣು ಮಾಯ. ಹಣ್ಣು ತಿನ್ನುತ್ತಲೇ ಅದನ್ನು ನೋಡಲಿ. ಆಮೇಲೆ ಯಾವ ವಿಡಿಯೋ ಬಂದರೂ "ಇದನ್ನ ಹೇಗ್ ಮಾಡಿರ್ತಾರೆ" ಅಂತ ಅವನೇ ಕೇಳುತ್ತಾನೆ. 1997ರಿಂದ ದೂರದರ್ಶನದಲ್ಲಿ ಶಕ್ತಿಮಾನ್ ಬರುತ್ತಿದ್ದಾಗ ನಮ್ಮ ಶಿಶುವಿಹಾರದಲ್ಲಿ ದಿನಾ ಒಬ್ಬನಾದರೂ ಬೆಂಚಿನ ಮೇಲೆ ನಿಂತು ಒಂದು ಕೈ ಎತ್ತಿ ಗಿರ್ರನೆ ತಿರುಗುತ್ತಿದ್ದ. ಹಾರುವುದಿಲ್ಲ ಅಂತ ಹೇಳಿ ಹೇಳಿ ಬಾಯಿ ನೋವು. ಆಗ ಕೈಯಲ್ಲೊಂದು ಕ್ಯಾಮೆರಾ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ತಂಗಿ ತಮ್ಮ ಯಾರಾದರೂ ಇದ್ದರೆ, ಎರಡರಿಂದ ನಾಲ್ಕು ವರ್ಷದವರಿಗೆ ಟಿವಿ, ಫೋನ್ ನೋಡುವುದು ದಿನಕ್ಕೆ ಒಂದು ಗಂಟೆ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಕಮ್ಮಿಯಾದಷ್ಟೂ ಒಳ್ಳೆಯದು ಅಂತಲೂ ಸೇರಿಸಿದೆ.

*

ಪ್ರಶ್ನೆ: ನಮ್ಮ ಮಾವನವರು ತೀರಿಕೊಂಡರು. ನಾಲ್ಕೂವರೆ ವರ್ಷದ ಮಗಳಿಗೆ ಅಜ್ಜ ಮಲಗಿದ್ದಾರೆ, ನಕ್ಷತ್ರ ಆಗಿದ್ದಾರೆ ಅಂತ ಹೇಳಿದೆವು. ಈಗ ರಾತ್ರಿ ಮಲಗಲು ಹಟ. ನನ್ನನ್ನೂ ಮಲಗಲು ಬಿಡುವುದಿಲ್ಲ.
— ಹುಬ್ಬಳ್ಳಿಯಿಂದ ಒಬ್ಬರು

ಉತ್ತರ: ಮಲಗಿದ ಅಜ್ಜ ಏಳಲಿಲ್ಲ. ಅಮ್ಮ ಮಲಗಿದರೆ? ಅವಳ ಲೆಕ್ಕ ಸರಿಯಾಗಿಯೇ ಇದೆ, ಕೊಟ್ಟ ಅಂಕಿ ತಪ್ಪು.

ಇಲ್ಲಿ ಮಾತ್ರ ಕಥೆ ಬೇಡ. ಬಿಡಿಸಿ ಹೇಳಿ. "ಅಜ್ಜ ಸತ್ತುಹೋದರು. ಅಜ್ಜನ ಮೈ ಕೆಲಸ ಮಾಡೋದು ನಿಂತುಹೋಯಿತು. ಈಗ ಉಸಿರಿಲ್ಲ, ಹಸಿವಿಲ್ಲ, ನೋವಿಲ್ಲ. ವಾಪಸ್ ಬರೋದಿಲ್ಲ. ಮಲಗೋದು ಬೇರೆ, ಮಲಗಿದವರು ಬೆಳಿಗ್ಗೆ ಏಳ್ತಾರೆ." ಸತ್ತರು ಅನ್ನುವ ಪದ ಬಾಯಿಗೆ ಬರುವುದಿಲ್ಲ, ಗೊತ್ತು. ದೊಡ್ಡವರ ಎದುರಿಗೆ ತೀರಿಕೊಂಡರು, ಹೋಗಿಬಿಟ್ಟರು ಅನ್ನುತ್ತೇವೆ. ಆದರೆ ನಾಲ್ಕು ವರ್ಷಕ್ಕೆ ಹೋದವರು ಅಂದರೆ ಬಸ್ಸಿನಲ್ಲಿ ಹೋದವರು, ವಾಪಸ್ ಬರುವವರು. ದೇವರ ಹತ್ತಿರ ಹೋದರು ಅನ್ನುವುದು ನಿಮ್ಮ ಮನೆಯ ನಂಬಿಕೆಯಾದರೆ ಅದನ್ನೂ ಹೇಳಿ, "ನಾವು ಹಾಗೆ ನಂಬ್ತೀವಿ" ಅಂತ ಸೇರಿಸಿ ಹೇಳಿ. ಮೈಯ ವಿಷಯ ಮೊದಲು, ನಂಬಿಕೆ ಆಮೇಲೆ.

ಇನ್ನೊಂದನ್ನು ಅವಳು ಕೇಳದಿದ್ದರೂ ಹೇಳಿ. ಈ ವಯಸ್ಸಿನಲ್ಲಿ ತಾವು ಮನಸ್ಸಿನಲ್ಲಿ ಅಂದುಕೊಂಡದ್ದು ಹೊರಗೆ ನಡೆದುಬಿಡುತ್ತದೆ ಅನ್ನುವ ಭಯ ಮಕ್ಕಳಿಗೆ ಇರುತ್ತದೆ. ಯಾವತ್ತೋ ಅಜ್ಜ ಬೈದಾಗ "ಅಜ್ಜ ಬೇಡ" ಅಂದಿರಬಹುದು. "ನೀನು ಅಂದಿದ್ದಕ್ಕೋ, ಮಾಡಿದ್ದಕ್ಕೋ ಅಜ್ಜ ಸಾಯಲಿಲ್ಲ" ಅಂತ ಎರಡು ಮೂರು ಸಲ ಹೇಳಿ. ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳುತ್ತಾಳೆ. ಅದೇ ಉತ್ತರ, ಅದೇ ಪದಗಳಲ್ಲಿ ಕೊಡಿ.

*

ಊರಿನ ಹೆಸರು ಹಾಕಬೇಡಿ ಎಂದು ಬರೆದ ಓದುಗರಿಗೆ: ನಿಮ್ಮ ಪತ್ರವನ್ನು ಇಲ್ಲಿ ಅಚ್ಚು ಹಾಕುತ್ತಿಲ್ಲ. ಮಗು ಹೇಳಿದ್ದನ್ನು ಮನೆಯವರು "ಏನೋ ಕಲ್ಪನೆ, ಟಿವಿ ನೋಡಿ ಹೇಳ್ತಿದೆ" ಅಂತ ತಳ್ಳಿಹಾಕಿದ್ದಾರೆ ಅಂತ ಬರೆದಿದ್ದೀರಿ. ದೊಡ್ಡವರೊಬ್ಬರು ಎಲ್ಲಿ ಮುಟ್ಟಿದರು, ಏನು ಹೇಳಬೇಡ ಎಂದರು ಅನ್ನುವುದು ಚಿನ್ನಿಯೂ ಅಲ್ಲ, ಆನೆಯೂ ಅಲ್ಲ. ಆಟಕ್ಕಾ ನಿಜಕ್ಕಾ ಅಂತ ಇಲ್ಲಿ ಕೇಳಬೇಡಿ. ಹೇಳಿದ್ದು ಒಳ್ಳೆಯದಾಯ್ತು, ತಪ್ಪು ನಿಂದಲ್ಲ ಅನ್ನಿ. ಪದೇ ಪದೇ ಕೆದಕಿ ಕೇಳಬೇಡಿ, ಮಗುವಿನದೇ ಮಾತುಗಳಲ್ಲಿ ಒಂದು ಕಡೆ ಬರೆದಿಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗ ಬೇಕಾದರೂ ಆಗುತ್ತದೆ, ದುಡ್ಡಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು ಇರುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗು ಠಾಣೆಗೆ ಹೋಗಬೇಕಾಗಿಲ್ಲ, ಮನೆಯಲ್ಲೇ ಹೇಳಿಕೆ ಕೊಡಬಹುದು, ಬರುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು. ಆ ಮನುಷ್ಯ ನಿಮ್ಮ ಮನೆಗೆ ಬರುವುದು ಭಾನುವಾರ ಅಂತ ಬರೆದಿದ್ದೀರಿ. ಭಾನುವಾರದವರೆಗೆ ಕಾಯಬೇಡಿ.